ಒಳ್ಳೆ ದನಿ ಇದೆ, ಸಾಕ್ಷ್ಯಚಿತ್ರಕ್ಕೆ ಅಷ್ಟು ಸಾಕಾ?

ಪ್ರಶ್ನೆ: ನನಗೆ 23 ವರ್ಷ. ಊರು ಶಿರಸಿ ಹತ್ತಿರ. ಪ್ರಾಣಿಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿದ್ದೇನೆ. ನನ್ನ ದನಿ ಚೆನ್ನಾಗಿದೆ ಎಂದು ಎಲ್ಲರೂ ಹೇಳುತ್ತಾರೆ. ಕಾಲೇಜಿನ ಯಾವ ಕಾರ್ಯಕ್ರಮವಿದ್ದರೂ ನಾನೇ ನಿರೂಪಕಿ. ಬ್ರಿಟನ್ನಿನ ವನ್ಯಜೀವಿ ಸಾಕ್ಷ್ಯಚಿತ್ರಕಾರ ಡೇವಿಡ್ ಅಟೆನ್‌ಬರೋ ಅವರ ಹಾಗೆ ಸಾಕ್ಷ್ಯಚಿತ್ರ ಮಾಡಬೇಕು, ಅದಕ್ಕೆ ನಾನೇ ದನಿ ಕೊಡಬೇಕು ಎಂಬ ಆಸೆ ಇದೆ. ಅವರು ನಿಜಕ್ಕೂ ಚಿತ್ರ ಮಾಡುತ್ತಾರಾ, ಇಲ್ಲ ದನಿ ಮಾತ್ರ ಕೊಡುತ್ತಾರಾ? ನಾನು ಎಲ್ಲಿಂದ ಶುರು ಮಾಡಲಿ? ಬೆಂಗಳೂರಿನಲ್ಲಿ ವಾಯ್ಸ್‌ಓವರ್ ಕೋರ್ಸ್‌ಗೆ 60 ಸಾವಿರ ಕೇಳುತ್ತಿದ್ದಾರೆ. ಸೇರಲಾ?

ಉತ್ತರ: ದುಡ್ಡಿನ ಮಾತು ಮೊದಲು ಮುಗಿಸೋಣ. ಆ 60 ಸಾವಿರ ಈಗ ಕೊಡಬೇಡಿ. ದನಿಗೆ ತರಬೇತಿ ಬೇಕು, ಆದರೆ ಅದರ ಸರದಿ ಇನ್ನೂ ಬಂದಿಲ್ಲ. ನಾನು ಇಪ್ಪತ್ತೆರಡು ವರ್ಷದಿಂದ ಸಾಕ್ಷ್ಯಚಿತ್ರಗಳ ಎಡಿಟಿಂಗ್ ಮಾಡುತ್ತಿದ್ದೇನೆ, ಅವಕ್ಕೆ ಹಿನ್ನೆಲೆ ಮಾತು ಬರೆಯುತ್ತಿದ್ದೇನೆ. ಗಂಟೆಯಂಥ ದನಿ ಇದ್ದೂ ಚಿತ್ರಕ್ಕೆ ಹೊಂದದವರನ್ನು ನೋಡಿದ್ದೇನೆ. ತೀರಾ ಸಾಧಾರಣ ದನಿಯವರು ಮೈಕ್ ಮುಂದೆ ಕೂತ ಕೂಡಲೇ ಸ್ಟುಡಿಯೋದಲ್ಲಿ ಎಲ್ಲರೂ ಸುಮ್ಮನಾಗುವುದನ್ನೂ ನೋಡಿದ್ದೇನೆ. ತೆರೆಯ ಮೇಲೆ ನಡೆಯುತ್ತಿರುವುದರ ಬಗ್ಗೆ ಮಾತಾಡುವವರಿಗೆ ಎಷ್ಟು ಗೊತ್ತು ಅನ್ನುವುದು ದನಿಯಲ್ಲಿ ಕೇಳಿಸಿಬಿಡುತ್ತದೆ. ಅದನ್ನು ಮುಚ್ಚಿಡಲು ಆಗುವುದಿಲ್ಲ. ಅಟೆನ್‌ಬರೋ ಅವರ ದಾರಿಯನ್ನು ಒಂದು ಸಲ ಮೊದಲಿಂದ ನೋಡೋಣ, ಆಗ ನಿಮ್ಮ ಪ್ರಶ್ನೆಗೂ ಉತ್ತರ ಸಿಗುತ್ತದೆ.

ಅವರು ಹುಟ್ಟಿದ್ದು 1926ರ ಮೇ 8ರಂದು, ಲಂಡನ್ ಬಳಿ. ಬೆಳೆದದ್ದು ಲೆಸ್ಟರ್ ಊರಿನಲ್ಲಿ. ತಂದೆ ಅಲ್ಲಿನ ಯೂನಿವರ್ಸಿಟಿ ಕಾಲೇಜಿನ ಪ್ರಿನ್ಸಿಪಾಲ್, ಮನೆ ಕ್ಯಾಂಪಸ್ಸಿನಲ್ಲೇ. ಅಣ್ಣ ರಿಚರ್ಡ್ ಮುಂದೆ ನಟರಾದರು, ‘ಗಾಂಧಿ’ ಸಿನಿಮಾ ನಿರ್ದೇಶಿಸಿದರು. ತಮ್ಮನಿಗೆ ಕಲ್ಲು, ಪಳೆಯುಳಿಕೆ, ಹುಳಹುಪ್ಪಟೆಯ ಹುಚ್ಚು. ಹುಡುಗನಾಗಿದ್ದಾಗ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗಕ್ಕೆ ನ್ಯೂಟ್‌ಗಳು ಬೇಕು ಎಂದು ಕಿವಿಗೆ ಬಿತ್ತಂತೆ. ನ್ಯೂಟ್ ಅಂದರೆ ಹಲ್ಲಿಯ ಹಾಗೆ ಕಾಣುವ, ಕಪ್ಪೆಯ ನಂಟಿನ ಸಣ್ಣ ಜೀವಿ. ಒಂದಕ್ಕೆ ಮೂರು ಪೆನ್ನಿಯಂತೆ ಹಿಡಿದು ಕೊಟ್ಟ. ಎಲ್ಲಿಂದ ತಂದದ್ದು ಅಂತ ಹೇಳಲಿಲ್ಲ. ಆ ವಿಭಾಗದ ಪಕ್ಕದಲ್ಲೇ ಇದ್ದ ಕೊಳದಿಂದ! ನನಗೆ ಈ ಕತೆ ತುಂಬಾ ಇಷ್ಟ. ಪ್ರೊಫೆಸರುಗಳು ದಿನಾ ಹಾದುಹೋಗುವ ಕೊಳದಲ್ಲಿ ಏನಿದೆ ಎಂದು ಆ ಹುಡುಗನಿಗೆ ಗೊತ್ತಿತ್ತು.

ಕೇಂಬ್ರಿಜ್‌ನಲ್ಲಿ ಭೂವಿಜ್ಞಾನ, ಪ್ರಾಣಿಶಾಸ್ತ್ರ ಓದಿದರು. ಆಮೇಲೆ ಎರಡು ವರ್ಷ ನೌಕಾಪಡೆ. ಅಲ್ಲಿಂದ ಬಂದು ಒಂದು ಪ್ರಕಾಶನದಲ್ಲಿ ಮಕ್ಕಳ ವಿಜ್ಞಾನ ಪಠ್ಯಪುಸ್ತಕ ತಿದ್ದುವ ಕೆಲಸ ಹಿಡಿದರು. ಅದು ಅವರಿಗೆ ಬೇಜಾರು ತಂದ ಕೆಲಸ. ಆದರೂ ಅವರ ಮಾತಿನ ಸರಳತೆಗೆ ಅಲ್ಲೊಂದು ಬೇರು ಇದೆ ಅಂತ ನನ್ನ ಊಹೆ. ಹತ್ತು ವರ್ಷದ ಮಗುವಿಗೆ ಅರ್ಥವಾಗುವ ಹಾಗೆ ಒಂದು ವಾಕ್ಯವನ್ನು ತಿದ್ದಿ ನೋಡಿ, ಎಷ್ಟು ಕಷ್ಟ ಅಂತ ಗೊತ್ತಾಗುತ್ತದೆ.

1950ರಲ್ಲಿ ಬಿಬಿಸಿ ರೇಡಿಯೋಗೆ ಅರ್ಜಿ ಹಾಕಿದರು. ಕೆಲಸ ಸಿಗಲಿಲ್ಲ. ಅದೇ ಅರ್ಜಿ ಟಿವಿ ವಿಭಾಗದ ಮೇರಿ ಆ್ಯಡಮ್ಸ್ ಅವರ ಕಣ್ಣಿಗೆ ಬಿತ್ತು. ಅವರು ಮೂರು ತಿಂಗಳ ತರಬೇತಿಗೆ ಕರೆದರು. ಆಗ ಅಟೆನ್‌ಬರೋ ಮನೆಯಲ್ಲಿ ಟಿವಿಯೇ ಇರಲಿಲ್ಲ. ಅಷ್ಟರವರೆಗೆ ಅವರು ನೋಡಿದ್ದದ್ದು ಒಂದೇ ಒಂದು ಕಾರ್ಯಕ್ರಮ. 1952ರಲ್ಲಿ ಕೆಲಸ ಕಾಯಂ ಆಯಿತು. ಆದರೆ ತೆರೆಯ ಮೇಲೆ ಕಾಣಿಸಿಕೊಳ್ಳುವುದು ಬೇಡ ಎಂದರು ಮೇಡಂ, ನಿಮ್ಮ ಹಲ್ಲು ದೊಡ್ಡದು ಎಂದು ಕಾರಣ ಕೊಟ್ಟರು. ಹೀಗಾಗಿ ಅವರು ಶುರು ಮಾಡಿದ್ದು ನಿರ್ಮಾಪಕರಾಗಿ. ವಸ್ತುಸಂಗ್ರಹಾಲಯದ ವಸ್ತುಗಳನ್ನು ಗುರುತಿಸುವ ಕ್ವಿಜ್, ಜಾನಪದ ಹಾಡುಗಳ ಕಾರ್ಯಕ್ರಮ, ಹೀಗೆ ಬಂದದ್ದನ್ನೆಲ್ಲ ಮಾಡಿದರು. ದನಿಯ ಮಾತು ಇಲ್ಲೆಲ್ಲೂ ಇಲ್ಲ, ಗಮನಿಸಿ.

ದನಿ ಬಂದದ್ದು ಆಕಸ್ಮಿಕವಾಗಿ. ಲಂಡನ್ ಮೃಗಾಲಯದಲ್ಲಿ ಹಾವು, ಹಲ್ಲಿಗಳ ವಿಭಾಗ ನೋಡಿಕೊಳ್ಳುತ್ತಿದ್ದ ಜಾಕ್ ಲೆಸ್ಟರ್ ಜತೆ ಸೇರಿ ಅವರು ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್‌ಗೆ ಹೋಗುವ ಯೋಜನೆ ಹಾಕಿದರು. ಮೃಗಾಲಯಕ್ಕೆ ಪ್ರಾಣಿ ಹಿಡಿಯುವುದು, ಅದನ್ನು ಚಿತ್ರೀಕರಿಸುವುದು, ವಾಪಸ್ ಬಂದು ಸ್ಟುಡಿಯೋದಿಂದ ನೇರಪ್ರಸಾರದಲ್ಲಿ ಪ್ರಾಣಿ ತೋರಿಸುತ್ತಾ ಮಾತಾಡುವುದು. ಮಾತಾಡಬೇಕಾದವರು ಲೆಸ್ಟರ್. 1954ರ ಡಿಸೆಂಬರಿನಲ್ಲಿ ‘ಜೂ ಕ್ವೆಸ್ಟ್’ ಸರಣಿ ಶುರುವಾಯಿತು. ಮೊದಲ ಕಂತು ಆಗುತ್ತಿದ್ದಂತೆ ಲೆಸ್ಟರ್ ಕಾಯಿಲೆ ಬಿದ್ದರು. ಮುಂದಿನ ವಾರ ಯಾರು? ಕಾಡಿಗೆ ಹೋಗಿ ಬಂದಿದ್ದವರಲ್ಲಿ ಆ ಕೆಲಸಕ್ಕೆ ಉಳಿದವರು ನಿರ್ಮಾಪಕರು ಮಾತ್ರ. ಅವರೇ ಕ್ಯಾಮೆರಾ ಮುಂದೆ ನಿಂತರು.

ಆ ಕಾಲದ ಕೆಲಸ ಹೇಗಿತ್ತು ಎಂದು ಸ್ವಲ್ಪ ಕೇಳಿ. ಕ್ಯಾಮೆರಾಮನ್ ಚಾರ್ಲ್ಸ್ ಲೇಗಸ್ ಕೈಯಲ್ಲಿದ್ದದ್ದು 16 ಎಂಎಂ ಕ್ಯಾಮೆರಾ. ಹಳೆ ಗಡಿಯಾರದ ಥರ ಕೀಲಿ ಕೊಟ್ಟರೆ ಅರ್ಧ ನಿಮಿಷವೋ ಏನೋ ಓಡುತ್ತಿತ್ತು, ಅದೂ ಕರಕರ ಸದ್ದು ಮಾಡುತ್ತಾ. ಚಿತ್ರದ ಜತೆಗೇ ಶಬ್ದ ದಾಖಲಿಸುವುದು ಸಾಧ್ಯವಿರಲಿಲ್ಲ. ಶಬ್ದವನ್ನು ಬೇರೆಯಾಗಿ ಹಿಡಿದು ಆಮೇಲೆ ಕೂಡಿಸಬೇಕು. ಆ ರೆಕಾರ್ಡಿಂಗ್ ಕೆಲಸವನ್ನೂ ಅಟೆನ್‌ಬರೋ ಅವರೇ ಮಾಡುತ್ತಿದ್ದರು. ಹಕ್ಕಿ ಕೂಗು ಹಿಡಿಯಲು ಕಾಡಿನಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿ ಅಲುಗದೆ ಕೂತ ಮನುಷ್ಯನಿಗೆ ಎಲ್ಲಿ ಸುಮ್ಮನಿರಬೇಕು ಎಂದು ಬೇರೆ ಯಾರೂ ಕಲಿಸಬೇಕಿಲ್ಲ ಅಲ್ವಾ?

ಆ ಮೊದಲ ಸರಣಿಯಲ್ಲಿ ಅವರು ಹುಡುಕಿ ಹೊರಟದ್ದು ಬೋಳು ತಲೆಯ, ಬಂಡೆಗಳ ಸಂದಿಯಲ್ಲಿ ಮಣ್ಣಿನ ಗೂಡು ಕಟ್ಟುವ ಒಂದು ಹಕ್ಕಿಯನ್ನು. ಅದರ ವೈಜ್ಞಾನಿಕ ಹೆಸರು ನಾಲಿಗೆಗೆ ಸಿಗದಂಥದ್ದು, ಪಿಕಥಾರ್ಟಿಸ್ ಜಿಮ್ನೋಸೆಫಾಲಸ್. ಲಂಡನ್ ಬೀದಿಯಲ್ಲಿ ಹೋಗುತ್ತಿದ್ದಾಗ ಒಬ್ಬ ಬಸ್ ಡ್ರೈವರ್ ತಲೆ ಹೊರಗೆ ಹಾಕಿ, ಆ ಹಕ್ಕಿಯ ಪೂರ್ತಿ ಹೆಸರು ಹೇಳಿ, ಅದು ಕೊನೆಗೂ ಸಿಗುತ್ತಾ ಇಲ್ಲವಾ ಎಂದು ಕೇಳಿದನಂತೆ. ಅಟೆನ್‌ಬರೋ ಅವರೇ ಹೇಳಿಕೊಂಡಿರುವ ಪ್ರಸಂಗ ಇದು. ಜನರಿಗೆ ಕಷ್ಟದ ಹೆಸರಿನ ಭಯವಿಲ್ಲ. ಅವರಿಗೆ ಮುಂದೇನಾಗುತ್ತದೆ ಎಂಬ ಕುತೂಹಲ ಬೇಕು. ನಾನು ಯಾವ ಚಿತ್ರ ಕೂಡಿಸಲು ಕೂತರೂ ಈ ಡ್ರೈವರ್ ನೆನಪಾಗುತ್ತಾನೆ.

ಕಾಡಿನ ಪ್ರಾಣಿಯನ್ನು ಹಿಡಿದು ತರುವ ಆ ಪದ್ಧತಿಯನ್ನು ಇವತ್ತು ಯಾರೂ ಒಪ್ಪುವುದಿಲ್ಲ, ಒಪ್ಪಲೂ ಬಾರದು. ಅಲ್ಲಿಂದ ಕಲಿಯಬೇಕಾದದ್ದು ಕತೆ ಕಟ್ಟುವ ಕ್ರಮವನ್ನು ಮಾತ್ರ.

ನಡುವಿನ ವರ್ಷಗಳ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ. 1960ರ ದಶಕದ ಮೊದಲಲ್ಲಿ ಅವರು ಕಾಯಂ ಕೆಲಸ ಬಿಟ್ಟು ಮಾನವಶಾಸ್ತ್ರ ಓದಲು ಹೋದರು. ಅದು ಮುಗಿಯುವ ಮೊದಲೇ, 1965ರಲ್ಲಿ, ಬಿಬಿಸಿ ಟೂ ಚಾನೆಲ್ಲಿನ ಮುಖ್ಯಸ್ಥರಾದರು. ಆಗಾಗ ಕಾರ್ಯಕ್ರಮ ಮಾಡಲು ಬಿಡಬೇಕು ಎಂಬ ಷರತ್ತನ್ನು ಒಪ್ಪಂದದಲ್ಲೇ ಸೇರಿಸಿಕೊಂಡರು. 1967ರಲ್ಲಿ ಅವರ ಚಾನೆಲ್ ಬಣ್ಣಕ್ಕೆ ತಿರುಗಿತು. ಬಣ್ಣದ ಟಿವಿಯ ತಾಕತ್ತು ತೋರಿಸಲು ಕಲೆಯ ಚರಿತ್ರೆ ಕುರಿತು 13 ಕಂತಿನ ದೊಡ್ಡ ಸರಣಿ ಮಾಡಿಸಿದರು. ಆ ಹದಿಮೂರು ಕಂತಿನ ಅಚ್ಚನ್ನೇ ಮುಂದೆ ತಮ್ಮ ಕೆಲಸಕ್ಕೂ ಬಳಸಿಕೊಂಡರು. 1972ರಲ್ಲಿ ಬಿಬಿಸಿಯ ಅತಿ ದೊಡ್ಡ ಹುದ್ದೆಗೆ ಅವರ ಹೆಸರು ಕೇಳಿಬಂತು. ಅವರಿಗೆ ಮನಸ್ಸಿರಲಿಲ್ಲ. 1973ರಲ್ಲಿ ರಾಜೀನಾಮೆ ಕೊಟ್ಟು ಮತ್ತೆ ಕ್ಯಾಮೆರಾ ಕಡೆಗೆ ಬಂದರು. ಆಗ ಅವರಿಗೆ 46, 47ರ ವಯಸ್ಸು.

ನಾವು ಇಂದು ಅಟೆನ್‌ಬರೋ ಅಂದ ಕೂಡಲೇ ನೆನೆಯುವ ಕೆಲಸ ಶುರುವಾದದ್ದು ಇದರ ನಂತರ. ‘ಲೈಫ್ ಆನ್ ಅರ್ತ್’ 1979ರಲ್ಲಿ ಬಂತು. ಜೀವವಿಕಾಸದ ಪೂರ್ತಿ ಕತೆ, 13 ಕಂತುಗಳಲ್ಲಿ. ಬರೆದವರೂ ಅವರೇ, ತೆರೆ ಮೇಲೆ ನಿಂತು ಹೇಳಿದವರೂ ಅವರೇ. ಅದರಲ್ಲಿ ಒಂದು ವಾಕ್ಯವನ್ನು ಒಂದು ಖಂಡದಲ್ಲಿ ಶುರು ಮಾಡಿ ಇನ್ನೊಂದು ಖಂಡದಲ್ಲಿ ಮುಗಿಸುತ್ತಾರೆ. ಹಾಗೆ ಮಾಡಬೇಕಾದರೆ ಎರಡು ಜಾಗದ ಮಾತೂ ಚಿತ್ರೀಕರಣಕ್ಕೆ ಮೊದಲೇ ತಲೆಯಲ್ಲಿ ಕೂತಿರಬೇಕು. ಮೊದಲನೇ ತುಂಡಿಗೂ ಎರಡನೇ ತುಂಡಿಗೂ ನಡುವೆ ತಿಂಗಳುಗಳ ಅಂತರ ಇರುತ್ತದೆ.

ಅದೇ ಸರಣಿಯ ಗೊರಿಲ್ಲಾ ದೃಶ್ಯ ನೀವು ನೋಡಿರುತ್ತೀರಿ. 1978ರ ಜನವರಿ, ರುವಾಂಡಾದ ಬೆಟ್ಟ, ಗೊರಿಲ್ಲಾ ಸಂಶೋಧಕಿ ಡಯಾನ್ ಫಾಸಿ ಅಧ್ಯಯನ ಮಾಡುತ್ತಿದ್ದ ಗುಂಪು. ಹೆಬ್ಬೆರಳು ಬೇರೆ ಬೆರಳುಗಳಿಗೆ ಎದುರಾಗಿ ಮಡಚುವುದರಿಂದ ನಮ್ಮ ಪೂರ್ವಜರಿಗೆ ಏನು ಲಾಭವಾಯಿತು ಎಂದು ಅಲ್ಲಿ ಕೂತು ಹೇಳಬೇಕು ಅನ್ನುವುದು ಯೋಜನೆ. ಆದರೆ ಗೊರಿಲ್ಲಾಗಳು ತೀರಾ ಹತ್ತಿರ ಬಂದವು. ಹೆಣ್ಣೊಂದು ಅವರ ತಲೆ ಮೇಲೆ ಕೈ ಇಟ್ಟು, ಬಾಯೊಳಗೆ ಬೆರಳು ಹಾಕಿ ನೋಡಿತು. ಮರಿಗಳು ಬೂಟಿನ ಲೇಸ್ ಬಿಚ್ಚತೊಡಗಿದವು. ಹೆಬ್ಬೆರಳಿನ ಪಾಠ ಹೇಳಲು ಇದು ಹೊತ್ತಲ್ಲ ಎಂದು ಅವರಿಗೆ ಗೊತ್ತಾಯಿತು. ಗೊರಿಲ್ಲಾದ ಕಣ್ಣಲ್ಲಿ ಕಣ್ಣಿಟ್ಟಾಗ ಹುಟ್ಟುವ ಅರಿವಿನ ಬಗ್ಗೆ ಪಿಸುದನಿಯಲ್ಲಿ ನಾಲ್ಕು ಮಾತು ಹೇಳಿ ಸುಮ್ಮನಾದರು. ಅತ್ತ ಕ್ಯಾಮೆರಾ ಹತ್ತಿರ ಇದ್ದವರು ಹೆಬ್ಬೆರಳಿನ ಮಾತಿಗಾಗಿ ಕಾಯುತ್ತಾ ಫಿಲಂ ಉಳಿಸಿಕೊಂಡಿದ್ದರಂತೆ. ಹಾಗಾಗಿ ಆ ಇಡೀ ಒಡನಾಟದಲ್ಲಿ ಚಿತ್ರವಾಗಿ ಉಳಿದದ್ದು ಸ್ವಲ್ಪ ಮಾತ್ರ. ಆ ಸ್ವಲ್ಪವೇ ಇವತ್ತಿಗೂ ಓಡುತ್ತಿದೆ. ಬರೆದುಕೊಂಡು ಹೋದ ಪಾಠವನ್ನು ಆ ಕ್ಷಣದಲ್ಲಿ ಕೈಬಿಟ್ಟರು ನೋಡಿ, ಇಪ್ಪತ್ತೈದು ವರ್ಷದ ಕೆಲಸ ಕೊಟ್ಟ ಧೈರ್ಯ ಅದು.

ಈಗ ನಿಮ್ಮ ಪ್ರಶ್ನೆ, ಚಿತ್ರ ಮಾಡುತ್ತಾರಾ, ದನಿ ಕೊಡುತ್ತಾರಾ ಅನ್ನುವುದು. ಎರಡನ್ನೂ, ಬೇರೆ ಬೇರೆ ಕಾಲದಲ್ಲಿ. ‘ಜೂ ಕ್ವೆಸ್ಟ್’ನಲ್ಲಿ ಅವರು ನಿರ್ಮಾಪಕರು. ‘ಲೈಫ್ ಆನ್ ಅರ್ತ್’ನಿಂದ 2008ರ ‘ಲೈಫ್ ಇನ್ ಕೋಲ್ಡ್ ಬ್ಲಡ್’ವರೆಗಿನ ಸಾಲಿನಲ್ಲಿ ಲೇಖಕರು ಮತ್ತು ನಿರೂಪಕರು. 2001ರ ‘ಬ್ಲೂ ಪ್ಲಾನೆಟ್’, 2006ರ ‘ಪ್ಲಾನೆಟ್ ಅರ್ತ್’ ಥರದವುಗಳಲ್ಲಿ ಅವರದ್ದು ಮುಖ್ಯವಾಗಿ ಹಿನ್ನೆಲೆ ದನಿ. ಅಲ್ಲಿ ಹಿಮಚಿರತೆಗಾಗಿ ಪಾಕಿಸ್ತಾನದ ಬೆಟ್ಟಗಳಲ್ಲಿ ಚಳಿಯಲ್ಲಿ ಕಾದವರು, 2016ರ ಎರಡನೇ ಸರಣಿಗಾಗಿ ಮುಂಬೈಯಲ್ಲಿ ರಾತ್ರಿ ಚಿರತೆಗಳ ಬೆನ್ನು ಹತ್ತಿದವರು ಬೇರೆಯವರು. ಈ ವ್ಯತ್ಯಾಸ ಮರೆಯಬೇಡಿ. ಜನ ‘ಅಟೆನ್‌ಬರೋ ಚಿತ್ರ’ ಎಂದು ಕರೆಯುವ ಎಷ್ಟೋ ಚಿತ್ರಗಳು ನೂರಾರು ಜನರ ಚಿತ್ರಗಳು.

ಇನ್ನೂ ಒಂದು ಕೆಲಸ ಇದೆ, ನಮ್ಮಲ್ಲಿ ಅದರ ಹೆಸರು ಕೇಳಿದವರು ಕಡಿಮೆ. ‘ವೈಲ್ಡ್‌ಲೈಫ್ ಆನ್ ಒನ್’ ಎಂಬ ಅರ್ಧ ಗಂಟೆಯ ಕಾರ್ಯಕ್ರಮ. 1977ರಿಂದ 2005ರವರೆಗೆ 250ಕ್ಕೂ ಜಾಸ್ತಿ ಕಂತುಗಳಿಗೆ ಅವರು ದನಿ ಕೊಟ್ಟರು. ಬೇರೆಯವರು ತೆಗೆದ ಚಿತ್ರಕ್ಕೆ ಮಾತು ಕೂರಿಸುವ ಅಭ್ಯಾಸ, ಇಪ್ಪತ್ತೆಂಟು ವರ್ಷ ಬಿಡದೆ. ನಿಮಗೆ ಇಷ್ಟವಾದ ಆ ದನಿಗೆ ರಿಯಾಜ್ ನಡೆದದ್ದು ಅಲ್ಲಿ.

ದನಿಯ ಕೆಲಸ ಎಂದರೆ ಏನು ಅನ್ನುವುದಕ್ಕೆ ನಮ್ಮಲ್ಲೇ ಒಳ್ಳೆ ಮಾದರಿ ಇದೆ. ಗಮಕ ಕೇಳಿರುತ್ತೀರಿ. ಗಮಕಿ ಕುಮಾರವ್ಯಾಸನ ಪದ್ಯ ಹಾಡುತ್ತಾರೆ, ಪಕ್ಕದಲ್ಲಿ ವ್ಯಾಖ್ಯಾನಕಾರರು ಕೂತಿರುತ್ತಾರೆ. ಹಾಡು ನಡೆಯುವಾಗ ವ್ಯಾಖ್ಯಾನಕಾರರು ಬಾಯಿ ತೆರೆಯುವುದಿಲ್ಲ. ಪದ್ಯ ನಿಂತ ಮೇಲೆ, ಕೇಳುಗನಿಗೆ ತಾನಾಗಿ ಹೊಳೆಯದೇ ಹೋದ ಒಂದನ್ನು ಹೇಳುತ್ತಾರೆ. ಗಮಕಿ ಈಗಾಗಲೇ ಹೇಳಿದ್ದನ್ನೇ ಗದ್ಯದಲ್ಲಿ ಮತ್ತೆ ಹೇಳಿದರೆ ಸಭೆ ಎದ್ದುಹೋಗುತ್ತದೆ. ಸಾಕ್ಷ್ಯಚಿತ್ರದಲ್ಲಿ ಚಿತ್ರವೇ ಗಮಕಿ.

ನಾನು ಇದನ್ನು ಕಲಿತದ್ದು ಪೆಟ್ಟು ತಿಂದು. ಮೊದಮೊದಲು ದಾಂಡೇಲಿ ಕಡೆಯ ಮಂಗಟ್ಟೆ ಹಕ್ಕಿಗಳ ಮೇಲಿನ ಒಂದು ಕಿರುಚಿತ್ರಕ್ಕೆ ಮಾತು ಬರೆಯಲು ಕೂತಿದ್ದೆ. ಹನ್ನೆರಡು ಸೆಕೆಂಡಿನ ಒಂದು ಶಾಟ್. ದೊಡ್ಡ ಮರ, ಕಾಂಡದಲ್ಲಿ ಪೊಟರೆ, ಅದರ ಬಾಯಿ ಮುಚ್ಚಿ ಒಂದು ಸೀಳು ಮಾತ್ರ ಉಳಿದಿದೆ. ಗಂಡು ಹಾರಿ ಬಂದು ಕೂತು, ಗಂಟಲಿಂದ ಹಣ್ಣು ತೆಗೆದು ಸೀಳಿನೊಳಗೆ ಕೊಡುತ್ತದೆ. ನಾನು ಬರೆದದ್ದು ಇದು: ‘ಪಶ್ಚಿಮ ಘಟ್ಟದ ದಟ್ಟ ಹಸಿರಿನ ಮಡಿಲಲ್ಲಿ, ನಿಸರ್ಗದ ವಿಸ್ಮಯವೋ ಎಂಬಂತೆ, ಹಳದಿ ಕೊಕ್ಕಿನ ಬೃಹತ್ ಗಂಡು ಮಂಗಟ್ಟೆಯೊಂದು ತನ್ನ ಪ್ರೀತಿಯ ಸಂಗಾತಿಗಾಗಿ ರುಚಿಯಾದ ಅತ್ತಿ ಹಣ್ಣುಗಳನ್ನು ಹೊತ್ತು ತರುತ್ತಿದೆ.’ ನನಗೆ ತುಂಬಾ ಹೆಮ್ಮೆ. ನಿರ್ದೇಶಕರು ಒಂದು ಸಲ ಕೇಳಿದರು. ಏನೂ ಹೇಳದೆ ನನ್ನ ಟ್ರ್ಯಾಕ್ ಮ್ಯೂಟ್ ಮಾಡಿ ಅದೇ ಶಾಟ್ ಮತ್ತೆ ಓಡಿಸಿದರು. ಆಗ ಕೇಳಿತು ರೆಕ್ಕೆಯ ಸದ್ದು. ಮಂಗಟ್ಟೆ ಹಾರುವಾಗ ಹಳೆ ಉಗಿಬಂಡಿ ಏರು ಹತ್ತಿದ ಹಾಗೆ ಬುಸ್ ಬುಸ್ ಅನ್ನುತ್ತದೆ. ಆ ಸದ್ದನ್ನು ಹಿಡಿಯಲು ಒಬ್ಬ ಹುಡುಗ ಮೂರು ಬೆಳಗ್ಗೆ ಮರದ ಕೆಳಗೆ ಕಾದಿದ್ದ. ನಾನು ಅದರ ಮೇಲೆ ‘ಹಸಿರಿನ ಮಡಿಲು’ ಹೊದಿಸಿದ್ದೆ.

ಮತ್ತೆ ಬರೆದೆ. ಹಕ್ಕಿ ಬಂದು ಕೂರುವವರೆಗೆ ಮಾತಿಲ್ಲ. ಕೂತ ಮೇಲೆ: ‘ಬಾಗಿಲು ಮುಚ್ಚಿಕೊಂಡದ್ದು ಒಳಗಿರುವ ಹೆಣ್ಣೇ. ಇನ್ನು ಅದರ ಊಟವೆಲ್ಲ ಈ ಸೀಳಿನಿಂದ.’ ಒಂಬತ್ತೇ ಪದ. ಗಂಡು, ಮರ, ಹಣ್ಣು ಎಲ್ಲ ಕಣ್ಣಿಗೆ ಕಾಣುತ್ತಿದೆ, ಹೇಳಬೇಕಿಲ್ಲ. ಹೆಣ್ಣು ಒಳಗಿದೆ, ತನ್ನ ಕೈಯಾರೆ ಬಾಗಿಲು ಹಾಕಿಕೊಂಡಿದೆ ಅನ್ನುವುದು ಕಾಣುವುದಿಲ್ಲ. ಅದನ್ನು ಹೇಳಿದ ಕೂಡಲೇ ನೋಡುವವರ ಕಣ್ಣು ಸೀಳಿನ ಕಡೆ ಹೋಗುತ್ತದೆ. ಮರುಕ್ಷಣ ಅಲ್ಲಿ ಒಂದು ಕೊಕ್ಕಿನ ತುದಿ ಕಾಣುತ್ತದೆ.

ಕನ್ನಡಕ್ಕೇ ಸೇರಿದ ಎರಡು ವಿಷಯ ಇಲ್ಲಿ ಹೇಳಬೇಕು. ನಮ್ಮ ಪದಗಳು ಉದ್ದ. ‘ಮಾಡಬೇಕಾಗಿದ್ದವರಿಗೆ’ ಅನ್ನುವುದು ಒಂದೇ ಪದ ನೋಡಿ. ನಿಧಾನವಾಗಿ ಓದಿದರೆ ಹತ್ತು ಸೆಕೆಂಡಿಗೆ ಹದಿನಾಲ್ಕು ಹದಿನೈದು ಪದ ಹಿಡಿದರೆ ಹೆಚ್ಚು. ಇಂಗ್ಲಿಷ್ ಸ್ಕ್ರಿಪ್ಟನ್ನು ಪದಕ್ಕೆ ಪದ ತಂದು ತುಂಬಿದರೆ ದನಿಯವರು ಓಡಬೇಕಾಗುತ್ತದೆ, ಉಸಿರು ಕಟ್ಟಿದ ಕನ್ನಡ ಕೇಳಿಸುತ್ತದೆ. ಟಿವಿಯಲ್ಲಿ ನೀವೇ ಕೇಳಿರುತ್ತೀರಿ. ಎರಡನೆಯದು ನಮ್ಮ ಬಲ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಕೇಳುವವರು ಅಲ್ಲಿಯವರೆಗೆ ಕಾಯುತ್ತಾರೆ. ಶಾಟ್‌ನಲ್ಲಿ ಹುಲಿ ಜಿಗಿಯುವ ಕ್ಷಣಕ್ಕೆ ಸರಿಯಾಗಿ ನಿಮ್ಮ ಕೊನೆಯ ಪದ ಬೀಳುವಂತೆ ಬರೆಯಬಹುದು. ಇಲ್ಲವೇ ಆ ಕೊನೆಯ ಪದವನ್ನು ಹೇಳದೇ ಬಿಟ್ಟು, ಚಿತ್ರಕ್ಕೇ ಒಪ್ಪಿಸಬಹುದು. ನಾನು ಬರೆಯುವಾಗ ಇದಕ್ಕಾಗಿಯೇ ಗಂಟೆಗಟ್ಟಲೆ ಕೂರುತ್ತೇನೆ.

ಹೆಸರುಗಳನ್ನೂ ಕೂಡಿಹಾಕಿಕೊಳ್ಳಿ. ಮಿಂಚುಳ್ಳಿ, ಪಿಕಳಾರ, ಕೆಂಬೂತ, ಮಡಿವಾಳ, ಹಾರುವ ಓತಿ. ಇಂಥ ಹೆಸರುಗಳು ಟಿವಿಯಲ್ಲಿ ಹೆಚ್ಚು ಕೇಳಿಸಲಿಲ್ಲ. ಬೇರೆ ಭಾಷೆಯ ಸಿನಿಮಾ, ಕಾರ್ಯಕ್ರಮಗಳಿಗೆ ಕನ್ನಡ ಡಬ್ಬಿಂಗ್ ಬೇಡ ಎಂಬ ಅಲಿಖಿತ ಕಟ್ಟು ದಶಕಗಳ ಕಾಲ ಇತ್ತು. 2015ರಲ್ಲಿ, ವ್ಯಾಪಾರದಲ್ಲಿ ಪೈಪೋಟಿಗೆ ಅಡ್ಡಿಯಾಗದಂತೆ ನೋಡಿಕೊಳ್ಳುವ ಭಾರತೀಯ ಸ್ಪರ್ಧಾ ಆಯೋಗ ಅದರ ವಿರುದ್ಧ ಆದೇಶ ಕೊಟ್ಟಿತು. ಆ ಕಟ್ಟಿನ ಹಿಂದೆ ನಮ್ಮ ಕಲಾವಿದರ ಅನ್ನದ ಪ್ರಶ್ನೆಯೂ ಇತ್ತು, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಪ್ರಾಣಿ ಪಕ್ಷಿಗಳ ಬಗ್ಗೆ ಟಿವಿಯಲ್ಲಿ ಕನ್ನಡದಲ್ಲಿ ಮಾತಾಡುವ ರೂಢಿ ನಮ್ಮಲ್ಲಿ ತಡವಾಗಿ ಬೆಳೆಯಿತು. ನಿಮ್ಮ ಅಜ್ಜಿಯ ಬಾಯಲ್ಲಿ ಇರುವ ಹಕ್ಕಿ ಹೆಸರುಗಳನ್ನು ಈಗಲೇ ರೆಕಾರ್ಡ್ ಮಾಡಿಟ್ಟುಕೊಳ್ಳಿ.

ಅಟೆನ್‌ಬರೋ ಅವರಿಗೂ ನಮ್ಮ ನೆಲಕ್ಕೂ ಒಂದು ನಂಟಿದೆ, ಅದು ನಿಮಗೆ ಗೊತ್ತಿರಬಹುದು. ‘ವೈಲ್ಡ್ ಕರ್ನಾಟಕ’. ಅಮೋಘವರ್ಷ ಮತ್ತು ಕಲ್ಯಾಣ್ ವರ್ಮಾ ನಿರ್ದೇಶನ, ರಿಕಿ ಕೇಜ್ ಸಂಗೀತ, ಇಂಗ್ಲಿಷ್ ದನಿ ಅಟೆನ್‌ಬರೋ ಅವರದ್ದು. 2020ರ ಜನವರಿಯಲ್ಲಿ ಚಿತ್ರಮಂದಿರಗಳಿಗೆ ಬಂತು. 67ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಯಲ್ಲಿ ಅದಕ್ಕೆ ಎರಡು ಮನ್ನಣೆ, ಒಂದು ಚಿತ್ರಕ್ಕೆ, ಇನ್ನೊಂದು ಅಟೆನ್‌ಬರೋ ಅವರ ನಿರೂಪಣೆಗೆ. 2021ರ ಜೂನ್‌ನಲ್ಲಿ ಟಿವಿಗೆ ಬಂದಾಗ ಕನ್ನಡದಲ್ಲಿ ರಿಷಬ್ ಶೆಟ್ಟಿ ದನಿ ಕೊಟ್ಟರು. ಒಂದು ಅಭ್ಯಾಸ ಹೇಳುತ್ತೇನೆ. ಎರಡೂ ದನಿಯ ರೂಪ ಸಿಕ್ಕರೆ ಒಂದೇ ದೃಶ್ಯವನ್ನು ಅಕ್ಕಪಕ್ಕ ಇಟ್ಟು ಕೇಳಿ. ಯಾರು ಚೆನ್ನ ಅನ್ನುವ ಲೆಕ್ಕ ಬೇಡ. ಕನ್ನಡದಲ್ಲಿ ಎಲ್ಲಿ ಉಸಿರು ತೆಗೆದುಕೊಂಡರು, ಯಾವ ಪದ ಬಿಟ್ಟರು ಎಂದು ಬರೆದುಕೊಳ್ಳಿ.

ದನಿ ಕೊಡುವವರಿಗೆ ಒಂದು ಹೊಣೆ ಇದೆ. 2011ರ ‘ಫ್ರೋಜನ್ ಪ್ಲಾನೆಟ್’ ಸರಣಿಯಲ್ಲಿ ಹಿಮಕರಡಿ ಮರಿಗಳನ್ನು ಗುಹೆಯೊಳಗೆ ತೋರಿಸಿದ ದೃಶ್ಯ ಕಾಡಿನದ್ದಲ್ಲ, ನೆದರ್ಲೆಂಡ್ಸಿನ ಮೃಗಾಲಯದ್ದು ಎಂದು ಆಮೇಲೆ ದೊಡ್ಡ ಗದ್ದಲವಾಯಿತು. ಬಿಬಿಸಿ ತನ್ನ ಜಾಲತಾಣದಲ್ಲಿ ಅದನ್ನು ಹೇಳಿತ್ತು, ಆದರೆ ಹಿನ್ನೆಲೆ ಮಾತಿನಲ್ಲಿ ಇರಲಿಲ್ಲ. ಅಟೆನ್‌ಬರೋ ಅದನ್ನು ಸಮರ್ಥಿಸಿಕೊಂಡರು. ಕಾಡಿನ ಗುಹೆಯಲ್ಲಿ ಕ್ಯಾಮೆರಾ ಇಟ್ಟರೆ ತಾಯಿಗೂ ಮರಿಗೂ ಅಪಾಯ ಅನ್ನುವುದು ಸರಿಯಾದ ಮಾತೇ. ಆದರೂ ನನ್ನ ಅಭಿಪ್ರಾಯ ಬೇರೆ. ಮೃಗಾಲಯದಲ್ಲಿ ತೆಗೆದದ್ದರಲ್ಲಿ ತಪ್ಪಿಲ್ಲ. ಅದನ್ನು ಚಿತ್ರದ ಒಳಗೇ ಒಂದು ಸಾಲಿನಲ್ಲಿ ಹೇಳಿಬಿಡಬಹುದಿತ್ತು. ನಾನು ಇಷ್ಟಪಡುವ ಮನುಷ್ಯ ಎಂದು ಈ ಮಾತು ಬಿಡಲಾರೆ. ಜನ ನಂಬುವುದು ದನಿಯನ್ನು.

ಬೆಲೆಯೂ ಇದೆ. ಅವರು ವರ್ಷದಲ್ಲಿ ತಿಂಗಳುಗಟ್ಟಲೆ ಮನೆಯಿಂದ ದೂರ ಇರುತ್ತಿದ್ದರು. ಮಕ್ಕಳು ಬೆಳೆಯುವಾಗ ಜತೆಗಿರಲಿಲ್ಲ ಎಂಬ ಬೇಸರವನ್ನು ಹೇಳಿಕೊಂಡಿದ್ದಾರೆ. 1997ರಲ್ಲಿ ಹೆಂಡತಿ ಜೇನ್ ಕುಸಿದು ಬಿದ್ದಾಗ ಅವರು ಚಿತ್ರೀಕರಣಕ್ಕೆಂದು ನ್ಯೂಜಿಲೆಂಡ್‌ನಲ್ಲಿದ್ದರು.

ಇನ್ನು ಹಣ. ಅವರ ಹಿಂದೆ ಜನರ ಲೈಸೆನ್ಸ್ ಶುಲ್ಕದಿಂದ ನಡೆಯುವ ಬಿಬಿಸಿ ಇತ್ತು. ನಮ್ಮಲ್ಲಿ ಅಂಥದ್ದಿಲ್ಲ. ಒಂದು ಕಾಲಕ್ಕೆ 1948ರಲ್ಲಿ ಶುರುವಾದ ಫಿಲ್ಮ್ಸ್ ಡಿವಿಷನ್ ಕನ್ನಡವೂ ಸೇರಿ ಹಲವು ಭಾಷೆಯಲ್ಲಿ ಸಾಕ್ಷ್ಯಚಿತ್ರ ಮಾಡಿ ಸಿನಿಮಾಕ್ಕೆ ಮೊದಲು ತೋರಿಸುತ್ತಿತ್ತು. ಈಗ ಅದು ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದಲ್ಲಿ ಸೇರಿಹೋಗಿದೆ. ಕನ್ನಡದಲ್ಲಿ ಸಾಕ್ಷ್ಯಚಿತ್ರ ಒಂದರಿಂದಲೇ ಮನೆ ನಡೆಸುವವರು ನನಗೆ ಗೊತ್ತಿರುವವರಲ್ಲಿ ಬೆರಳೆಣಿಕೆ. ನಾನು ಹಗಲು ತರಬೇತಿ ವಿಡಿಯೋಗಳನ್ನು ಎಡಿಟ್ ಮಾಡಿ, ರಾತ್ರಿ ನನ್ನ ಚಿತ್ರದ ಕೆಲಸ ಮಾಡಿದ ವರ್ಷಗಳಿವೆ. ಒಂದು ಸಂಸ್ಥೆ ನನ್ನಿಂದ ಪೂರ್ತಿ ಸ್ಕ್ರಿ‌ಪ್ಟ್ ಬರೆಸಿಕೊಂಡು ಒಂದು ರೂಪಾಯಿಯನ್ನೂ ಕೊಡಲಿಲ್ಲ. ಬಾಯಿಮಾತಿನ ಮೇಲೆ ಬರೆದುಕೊಟ್ಟಿದ್ದೆ. ನೀವು ಮೊದಲ ದಿನದಿಂದಲೇ ಒಂದು ಪುಟದ ಒಪ್ಪಂದ ಇಟ್ಟುಕೊಳ್ಳಿ, ಪರಿಚಯದವರಾದರೂ ಸರಿ. ಎಡಿಟಿಂಗ್ ಕಲಿಯಿರಿ. ಆ ಕೆಲಸ ಹೊಟ್ಟೆಗೆ ಹಾಕುತ್ತದೆ, ಜತೆಗೆ ಮಾತು ಎಲ್ಲಿ ಬೇಡ ಅಂತ ಕಲಿಸುತ್ತದೆ.

ಹಾಗಾದರೆ ಎಲ್ಲಿಂದ ಶುರು? ನಿಮ್ಮೂರಿನಿಂದಲೇ. ಶಿರಸಿ ಹತ್ತಿರ ಸೋಂದಾದಲ್ಲಿ ಮುಂಡಿಗೆಕೆರೆ ಇದೆ. ಮಳೆಗಾಲದಲ್ಲಿ ಬೆಳ್ಳಕ್ಕಿಗಳು ಬಂದು ಕೆರೆಯೊಳಗಿನ ಮುಂಡಿಗೆ ಪೊದೆಗಳ ಮೇಲೆ ಗೂಡು ಕಟ್ಟುತ್ತವೆ. ಪ್ರಾಣಿಶಾಸ್ತ್ರ ಓದಿದ ನಿಮಗೆ ಇದಕ್ಕಿಂತ ಒಳ್ಳೆ ಶಾಲೆ ಎಲ್ಲಿದೆ? ಅರಣ್ಯ ಇಲಾಖೆಯವರನ್ನು ಕೇಳಿ, ಊರಿನವರಿಗೂ ಹೇಳಿ, ದಡದಲ್ಲಿ ಕೂತು ಚಿತ್ರ ತೆಗೆಯಿರಿ. ಗೂಡಿನ ಹತ್ತಿರ ಹೋಗಬೇಡಿ. ಡ್ರೋನ್ ಬೇಡವೇ ಬೇಡ, ಹಕ್ಕಿ ಎದ್ದರೆ ಮೊಟ್ಟೆ ಕಾಗೆ ಪಾಲು. ಮುಂದೆ ಎಂದಾದರೂ ಅಭಯಾರಣ್ಯದೊಳಗೆ ಚಿತ್ರ ತೆಗೆಯುವುದಾದರೆ ಮುಖ್ಯ ವನ್ಯಜೀವಿ ಪಾಲಕರ ಅನುಮತಿ ಬೇಕು ಅನ್ನುವುದೂ ತಿಳಿದಿರಲಿ.

ಮೊಬೈಲ್ ಸಾಕು, ಒಂದು ಗಟ್ಟಿ ಟ್ರೈಪಾಡ್ ಇರಲಿ. ಕೋರ್ಸ್‌ಗೆ ಇಟ್ಟ ದುಡ್ಡಿನಲ್ಲಿ ಸ್ವಲ್ಪ ತೆಗೆದು ಒಳ್ಳೆ ಮೈಕ್ ಕೊಳ್ಳಿ. ಕೆರೆಯ ಸದ್ದು ಹಿಡಿಯಲು ಬೇಕು. ವಾರಕ್ಕೆ ಎರಡು ಬೆಳಗ್ಗೆ ಹೋಗಿ. ಮೊದಲ ದಿನ ಎಲ್ಲ ಬೆಳ್ಳಕ್ಕಿಯೂ ಒಂದೇ ಥರ ಕಾಣುತ್ತದೆ. ಹತ್ತನೇ ದಿನಕ್ಕೆ ಕಡ್ಡಿ ಕದಿಯುವ ಹಕ್ಕಿ ಯಾವುದು ಎಂದು ಗೊತ್ತಾಗುತ್ತದೆ. ಅದನ್ನು ಬಿಡಬೇಡಿ. ಅದು ಗೂಡು ಮುಗಿಸುತ್ತಾ ಇಲ್ಲವಾ ಅನ್ನುವುದೇ ನಿಮ್ಮ ಕತೆ. ಲಂಡನ್ನಿನ ಆ ಬಸ್ ಡ್ರೈವರ್ ನಿಮ್ಮನ್ನೂ ಕೇಳಬೇಕು. ಪ್ರತಿ ದಿನ ವಾಪಸ್ ಬಂದ ಮೇಲೆ ನೋಡಿದ್ದನ್ನು ಪುಸ್ತಕದಲ್ಲಿ ಬರೆಯಿರಿ, ತಾರೀಖು ಸಮೇತ. ಸ್ಕ್ರಿಪ್ಟ್ ಬರೆಯಲು ಕೂತಾಗ ಇದೇ ಪುಸ್ತಕ ಕೈ ಹಿಡಿಯುತ್ತದೆ.

ಮಳೆಗಾಲ ಮುಗಿದ ಮೇಲೆ ಹತ್ತು ನಿಮಿಷದ ರಫ್ ಕಟ್, ಅಂದರೆ ಶಾಟ್‌ಗಳ ಮೊದಲ ಕಚ್ಚಾ ಜೋಡಣೆ, ಮಾಡಿ ನನಗೆ ಕಳಿಸಿ. ಸಂಗೀತ ಬೇಡ, ನಿಮ್ಮ ದನಿಯೂ ಬೇಡ, ಕೆರೆಯ ಸದ್ದು ಮಾತ್ರ ಇರಲಿ. ನೋಡುತ್ತಾ ನನಗೆ ಎಲ್ಲೆಲ್ಲಿ ಅರ್ಥವಾಗಲಿಲ್ಲ ಎಂದು ನಿಮಿಷ, ಸೆಕೆಂಡು ಗುರುತು ಹಾಕಿ ವಾಪಸ್ ಕಳಿಸುತ್ತೇನೆ. ಆ ಗುರುತು ಇರುವಲ್ಲಿ ಮಾತ್ರ ನೀವು ಮಾತಾಡಿ.